ದತ್ತುಮಗನಿಗೋ ತಮ್ಮನಿಗೋ, ಬಾವುಟ ಯಾರಿಗೆ?
ನಿಮ್ಮ ಗೇಮಿನ ದೊರೆ ಮಕ್ಕಳಿಲ್ಲದೆ ತೀರಿಕೊಂಡಿದ್ದಾನೆ, ದತ್ತುಮಗನೂ ದೊರೆಯ ತಮ್ಮನೂ ಒಂದೇ ಬಾವುಟ ಹಿಡಿದು ಯುದ್ಧಕ್ಕೆ ಬರಬಹುದಾ ಅಂತ ಕೇಳಿದ್ದೀರಿ. ಬೇಡ, ದತ್ತುಮಗನಿಗೇ ಕೊಡಿ. ನಾವು ಮೈಸೂರಿನವರು ಉದಾಹರಣೆಗೆ ದೂರ ಹೋಗಬೇಕಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು 1868ರಲ್ಲಿ ತೀರಿಕೊಂಡ ಮೇಲೆ ಪಟ್ಟಕ್ಕೆ ಬಂದವರು ದತ್ತುಪುತ್ರ ಚಾಮರಾಜೇಂದ್ರ ಒಡೆಯರು. ಗಂಡಭೇರುಂಡ ಹಾಗೇ ಮುಂದುವರಿಯಿತು. ಲಾಂಛನ ಹೋಗುವುದು ಪಟ್ಟದ ಜೊತೆ. ಹಾಗಾಗಿ ದತ್ತುಮಗ ಹುಟ್ಟಿದ ಮನೆಯ ಗುರುತನ್ನು ಬಾವುಟದ ಮೂಲೆಯಲ್ಲೂ ಇಡಬೇಡಿ, ಅವನ ಹಕ್ಕೇ ಅರೆಮನಸ್ಸಿನದು ಅನ್ನಿಸಿಬಿಡುತ್ತದೆ.

ಇನ್ನು ತಮ್ಮ. ಇಂಗ್ಲೆಂಡಿನ ಪದ್ಧತಿಯಲ್ಲಿ ಎರಡನೇ ಮಗ ಮನೆತನದ ಲಾಂಛನಕ್ಕೇ ಒಂದು ಅರ್ಧಚಂದ್ರ ಸೇರಿಸಿಕೊಳ್ಳುತ್ತಾನೆ, ಮೂರನೆಯವನು ನಕ್ಷತ್ರ. ತಂದೆ ಬದುಕಿರುವಾಗ ಹಿರಿಮಗನಿಗೂ ಮೇಲ್ಗಡೆ ಮೂರು ಹಲ್ಲಿನ ಪಟ್ಟಿ ಇರುತ್ತದೆ, ತಂದೆ ಹೋದ ಮೇಲೆ ಅದನ್ನು ತೆಗೆಯುತ್ತಾನೆ; ಅಂದರೆ ಹೆಚ್ಚಿನ ಗುರುತಿಲ್ಲದ ಲಾಂಛನ ಮನೆತನದ ಯಜಮಾನನದು. ನಿಮ್ಮ ಕಥೆಗೆ ಇದು ಚಿನ್ನದಂಥ ಸಂಗತಿ: ತಮ್ಮ ಬಂಡೆದ್ದ ದಿನ ಅವನ ಬಾವುಟದಿಂದ ಅರ್ಧಚಂದ್ರ ಮಾಯವಾಗಲಿ. ಒಂದು ಮಾತೂ ಬೇಡ, ಆಡುವವರಿಗೆ ಅರ್ಥವಾಗುತ್ತದೆ. ಆದರೆ ಆ ಅರ್ಧಚಂದ್ರವನ್ನು ಮೊದಲಿನಿಂದಲೇ ಮೊಬೈಲ್ ಪರದೆಯಲ್ಲೂ ಕಾಣುವಷ್ಟು ದೊಡ್ಡದಾಗಿ ಬರೆಯಿರಿ.