ರೊಡ್ರಿಗಸ್ ಹೆಸರು ಸ್ಪೇನಿನದೇ?

ಮಂಗಳೂರಿನ ಓದುಗರೊಬ್ಬರ ಪತ್ರ: “ನಮ್ಮದು ರೊಡ್ರಿಗಸ್ ಮನೆತನ. ಸ್ಪೇನಿನ ರೊದ್ರೀಗೆಸ್ ವಂಶದ ಲಾಂಛನವಿರುವ ಪ್ರಮಾಣಪತ್ರ ದುಡ್ಡಿಗೆ ಸಿಗುತ್ತದೆಯಂತೆ. ನಮ್ಮ ಮೂಲ ಸ್ಪೇನೇ? ಈ ಹೆಸರಿನ ಅರ್ಥವೇನು?”

ಸಂಪಾದಕರ ಉತ್ತರ: ದಯವಿಟ್ಟು ಆ ಪ್ರಮಾಣಪತ್ರ ಕೊಳ್ಳಬೇಡಿ. ರೊದ್ರೀಗೆಸ್ ಎಂದರೆ ರೊದ್ರೀಗೊನ ಮಗ, ಅಷ್ಟೆ. ರೊದ್ರೀಗೊ ಎಂಬುದು ಹಿಂದೆ ಸ್ಪೇನನ್ನಾಳಿದ ಗೋಥರೆಂಬ ಜನರ ಕಾಲದ ಜರ್ಮಾನಿಕ್ ಹೆಸರು. ಕೀರ್ತಿ ಮತ್ತು ಅಧಿಕಾರ ಎಂಬ ಎರಡು ಪದ ಕೂಡಿ ಆದದ್ದು.

ನಮ್ಮಲ್ಲಿ ತಂದೆಯ ಹೆಸರು ಇನಿಷಿಯಲ್ ಆಗುವಂತೆ ಮಧ್ಯಯುಗದ ಸ್ಪೇನಿನ ಕಸ್ತೀಲ್ ರಾಜ್ಯದಲ್ಲೂ ಈ ಹೆಸರು ತಲೆಮಾರಿಗೊಮ್ಮೆ ಬದಲಾಗುತ್ತಿತ್ತು. 1099ರಲ್ಲಿ ತೀರಿಕೊಂಡ ವೀರ ಎಲ್ ಸಿದ್‌ನ ಮನೆಯನ್ನೇ ನೋಡಿ. ಅಜ್ಜ ಲಾಯಿನ್ ನೂನ್ಯೆಸ್, ತಂದೆ ದಿಯೇಗೊ ಲಾಯೀನೆಸ್, ಎಲ್ ಸಿದ್‌ನ ನಿಜ ಹೆಸರು ರೊದ್ರೀಗೊ ದೀಯಾಸ್, ಮಗ ದಿಯೇಗೊ ರೊದ್ರೀಗೆಸ್. ಒಂದೇ ರಕ್ತ, ನಾಲ್ಕು ಉಪನಾಮ! ಮುಂದೆ ಹೆಸರು ಸ್ಥಿರವಾದಾಗ ಒಂದಕ್ಕೊಂದು ಸಂಬಂಧವಿಲ್ಲದ ಅದೆಷ್ಟೋ ಮನೆಗಳಿಗೆ ರೊದ್ರೀಗೆಸ್ ಅಂಟಿಕೊಂಡಿತು. ಹಾಗಾಗಿ ಇಡೀ ಹೆಸರಿಗೊಂದು ಲಾಂಛನ ಇರುವುದು ಸಾಧ್ಯವಿಲ್ಲ. ಲಾಂಛನವೇನಿದ್ದರೂ ನಿರ್ದಿಷ್ಟ ಮನೆತನದ್ದು.

ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ನಿಮ್ಮ ಹೆಸರಿನ ಕೊನೆಯಲ್ಲಿರುವುದು ಸ್ಪೇನಿನ ರೂಪದಂತೆ ‘ಝಡ್’ ಅಲ್ಲ, ‘ಎಸ್’. ಅದು ಪೋರ್ಚುಗೀಸ್ ರೂಪ, ಗೋವಾದ ಮೂಲಕ ಕರಾವಳಿಗೆ ಬಂದದ್ದು. ಮತಾಂತರದ ವೇಳೆ ಪಾದ್ರಿಯ ಹೆಸರನ್ನೋ ಜ್ಞಾನಸ್ನಾನಕ್ಕೆ ಹೊಣೆ ನಿಂತವರ ಹೆಸರನ್ನೋ ಕೊಡುವ ರೂಢಿಯಿತ್ತು. ಆದ್ದರಿಂದ ಹೆಸರು ಸ್ಪೇನ್-ಪೋರ್ಚುಗಲ್ ಕಡೆಯದ್ದಾದರೂ ರಕ್ತ ಕೊಂಕಣದ್ದೇ ಆಗಿರುವ ಸಂಭವ ಹೆಚ್ಚು. ಹಿರಿಯರಲ್ಲಿ ಪ್ರಭು, ಕಾಮತ್, ಶೇಟ್ ಎಂಬಂಥ ಹಳೆಯ ಮನೆಹೆಸರಿನ ನೆನಪು ಉಳಿದಿದೆಯೇ ವಿಚಾರಿಸಿ. ಲಾಂಛನಕ್ಕಿಂತ ಅದು ಎಷ್ಟೋ ಬೆಲೆಯುಳ್ಳ ಸುಳಿವು.

ಹುಡುಕಾಟ ನಿಮ್ಮಿಂದ ಶುರುವಾಗಿ ಹಿಂದಕ್ಕೆ ಹೋಗಲಿ. ಅಜ್ಜ-ಅಜ್ಜಿಯರ ಮದುವೆ ದಾಖಲೆಯಲ್ಲಿ ಇಗರ್ಜಿಯ (ಚರ್ಚಿನ) ಹೆಸರು ಹಿಡಿದು, ಅಲ್ಲಿನ ಜ್ಞಾನಸ್ನಾನದ ಪುಸ್ತಕದಲ್ಲಿ ತಂದೆ, ತಾಯಿ, ಊರು ಮೂರೂ ಹೊಂದಿದರೆ ಮಾತ್ರ ಮುಂದಿನ ತಲೆಮಾರಿಗೆ ಹೋಗಿ. ಹೆಚ್ಚಿನವರು ತಪ್ಪುವುದು ಇಲ್ಲೇ: ಹೆಸರೊಂದು ಹೊಂದಿತೆಂದು ಪರರ ಅಜ್ಜನನ್ನು ತಮ್ಮವನೆಂದು ಬರೆದುಕೊಳ್ಳುತ್ತಾರೆ. 1784ರಲ್ಲಿ ಟಿಪ್ಪು ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಾಗ ಇಗರ್ಜಿಗಳೂ ನೆಲಸಮವಾದವು. ಅದಕ್ಕೂ ಹಿಂದಿನ ಪುಸ್ತಕ ಇಲ್ಲಿ ಸಿಗುವುದು ಕಷ್ಟ. ಅಲ್ಲಿಂದಾಚೆಗೆ ಪಣಜಿಯ ಪತ್ರಾಗಾರದಲ್ಲಿ ವಿಚಾರಿಸಬೇಕು.

ನಿಜಕ್ಕೂ ಸ್ಪೇನಿನಿಂದ ಬಂದ ಪೂರ್ವಜರ ಕಾಗದ ಕೈಗೆ ಸಿಕ್ಕರೆ ದಾರಿ ಬೇರೆ. ಅಲ್ಲಿ ನಾಗರಿಕ ನೋಂದಣಿ ಆರಂಭವಾದದ್ದು 1871ರಲ್ಲಿ. ಅದಕ್ಕೂ ಹಿಂದಿನದಕ್ಕೆ ಇಗರ್ಜಿಯ ಪುಸ್ತಕಗಳೇ ಗತಿ. ಊರಿನ ಹೆಸರು ಗೊತ್ತಿರಲೇಬೇಕು. ತಂದೆಯ ಉಪನಾಮದ ಜೊತೆ ತಾಯಿಯದನ್ನೂ ಕೊಡಿ. ಬರೀ ರೊದ್ರೀಗೆಸ್ ಎಂದು ಕೇಳಿದರೆ ಯಾರೂ ಹುಡುಕಿಕೊಡಲಾರರು.