ಕುದುರೆ ಹತ್ತಲು ಅಳುವ ಮಗಳು: ಪ್ರತಿಕ್ರಿಯೆ
ಬೈಕಿನಿಂದ ಬಿದ್ದು ಹೆದರಿದ ಮಗಳನ್ನು ಕುದುರೆ ಸವಾರಿ ತರಗತಿಗೆ ಸೇರಿಸಿದರೆ, ಹತ್ತಲು ಅಳುತ್ತಾಳೆ ಎಂದು ಬರೆದಿದ್ದೀರಿ. ಮೊದಲ ದಿನವೇ ಜೀನಿನ ಮೇಲೆ ಕೂರಿಸಿದ್ದೇ ಕಾರಣ ಇರಬೇಕು. ಬೈಕಿನಿಂದ ಬಿದ್ದ 11 ವರ್ಷದ ಹುಡುಗಿಗೆ ಆ ಎತ್ತರವೇ ಸಾಕು, ಅಳು ಬರುತ್ತದೆ. ಸದ್ಯಕ್ಕೆ ಸವಾರಿ ಬಿಡಿಸಿ. ವಿಜಯಪುರದಲ್ಲೇ ಇದ್ದೀರಿ, ಗೋಳಗುಮ್ಮಟದ ಕಡೆ ಹೋದಾಗ ಟಾಂಗಾ ಕುದುರೆಯ ಕಿವಿ ತೋರಿಸಿ: ಹಿಂದಕ್ಕೆ ಒತ್ತಿಕೊಂಡಿದ್ದರೆ ಸಿಟ್ಟು. ಆಮೇಲೆ ತರಗತಿಯಲ್ಲಿ, ಭುಜದ ಕಡೆಯಿಂದ ಹೋಗಿ ಮೈ ಉಜ್ಜಲಿ. ಹಿಂದಿನಿಂದ ಮಾತ್ರ ಬೇಡ, ಒದೆಯಬಹುದು. ಗಜ್ಜರಿ ಕೊಡುವಾಗ ಅಂಗೈ ಪೂರ್ತಿ ಬಿಚ್ಚಿರಲಿ, ಇಲ್ಲಾಂದ್ರೆ ಬೆರಳು ಹಲ್ಲಿಗೆ ಸಿಗುತ್ತದೆ. ನನ್ನ ಮಗಳು ತನ್ನ ಭಯದ ಬಗ್ಗೆ ಮೊದಲು ಬಾಯಿಬಿಟ್ಟಿದ್ದು ಕುದುರೆ ಹತ್ತಿರ, ನಮ್ಮ ಹತ್ತಿರ ಅಲ್ಲ! ನಂತರ ನಿಮ್ಮ ಮಗಳು ಹಗ್ಗ ಹಿಡಿದು ಕುದುರೆಯನ್ನು ತಾನೇ ನಡೆಸಲಿ, ಪಕ್ಕದಲ್ಲಿ ತರಬೇತುದಾರರು ಇರಲಿ. ಅಷ್ಟು ದೊಡ್ಡ ಪ್ರಾಣಿ ಅವಳು ನಿಂತಾಗ ನಿಂತರೆ ಧೈರ್ಯ ತಾನಾಗಿ ಬರುತ್ತದೆ. ವಾರವೋ ತಿಂಗಳೋ, ಹತ್ತುವ ದಿನ ಅವಳೇ ಹೇಳಲಿ. ಹೆಲ್ಮೆಟ್ ಬೇಕೇ ಬೇಕು. ರಾತ್ರಿ ಬೆಚ್ಚಿ ಏಳುತ್ತಿದ್ದರೆ ಕುದುರೆಯೊಂದೇ ಸಾಲದು, ಮನೋವೈದ್ಯರಿಗೂ ತೋರಿಸಿ.