ಆಪರೇಷನ್ ಮುಂದಿರುವಾಗ ‘ಏನೂ ಆಗಲ್ಲ ಬಿಡು’ ಅಂದರೆ ಸಾಕೇ?

ಪ್ರಶ್ನೆ: ಅವ್ವನಿಗೆ 54 ವರ್ಷ. ಮುಂದಿನ ವಾರ ರಾಯಚೂರಿನಲ್ಲಿ ಗರ್ಭಕೋಶ ತೆಗೆಯುವ ಆಪರೇಷನ್ ಇದೆ. ಬೆನ್ನಿಗೆ ಸೂಜಿ ಕೊಟ್ಟು ಮಾಡುತ್ತಾರಂತೆ. ‘ಏನೂ ಆಗಲ್ಲ, ಹೆದರಬ್ಯಾಡ’ ಎಂದು ಮನೆಯವರೆಲ್ಲ ಹೇಳುತ್ತಿದ್ದೇವೆ. ಆದರೂ ನಿದ್ದೆ ಇಲ್ಲ, ಮಾತೂ ಕಡಿಮೆಯಾಗಿದೆ. ಏನು ಹೇಳಿದರೆ ಧೈರ್ಯ ಬರುತ್ತದೆ?
– ಮಾನ್ವಿಯ ಓದುಗರು

ಉತ್ತರ: ಹೇಳುವ ಮೊದಲು ಕೇಳಿ. ‘ಏನೂ ಆಗಲ್ಲ’ ಎಂದ ಕೂಡಲೇ ಅವರ ಮಾತು ಅಲ್ಲಿಗೇ ನಿಲ್ಲುತ್ತದೆ. ಭಯ ಹೇಳಿಕೊಂಡರೆ ಮಕ್ಕಳು ನೊಂದುಕೊಳ್ಳುತ್ತಾರೆಂದು ನುಂಗಿಕೊಳ್ಳುತ್ತಾರೆ. ಅವರು ಒಬ್ಬರೇ ಇರುವಾಗ ಪಕ್ಕದಲ್ಲಿ ಕೂತು ‘ಯಾವುದರ ಹೆದರಿಕಿ ಬೇ ಯವ್ವ?’ ಎಂದು ಕೇಳಿ, ಉತ್ತರ ಬರುವ ತನಕ ಸುಮ್ಮನಿರಿ. ಒಬ್ಬರಿಗೆ ಮತ್ತೆ ಏಳುವುದೇ ಇಲ್ಲವೇನೋ ಎಂಬ ಭಯ, ಇನ್ನೊಬ್ಬರಿಗೆ ಕೊಯ್ಯುವಾಗ ನೋವು ಗೊತ್ತಾದರೆ ಎಂಬ ಭಯ. ಹೆಂಗಸರಲ್ಲಿ ಬಹಳಷ್ಟು ಮಂದಿಗೆ ಗಂಡಸರ ಮುಂದೆ ಬಟ್ಟೆ ತೆಗೆಯಬೇಕಲ್ಲ ಎಂಬ ಸಂಕೋಚ ಎಲ್ಲಕ್ಕಿಂತ ದೊಡ್ಡದು. ಒಂದೊಂದಕ್ಕೂ ಉತ್ತರ ಬೇರೆ. ಸಂಕೋಚವೇ ಕಾರಣವಾದರೆ, ಬಟ್ಟೆ ಬದಲಿಸುವಾಗ ಸಿಸ್ಟರ್ ಜೊತೆಗಿರಲಿ ಎಂದು ಹಿಂದಿನ ದಿನವೇ ವಾರ್ಡಿನಲ್ಲಿ ಕೇಳಿಕೊಳ್ಳಬಹುದು. ಕೇಳುವುದರಲ್ಲಿ ತಪ್ಪೇನಿಲ್ಲ.

ಆಮೇಲೆ ಆ ದಿನ ನಡೆಯುವುದನ್ನು ನಡೆಯುವ ಕ್ರಮದಲ್ಲೇ ಹೇಳಿ. ಥಿಯೇಟರ್ ತಣ್ಣಗಿರುತ್ತದೆ. ಎದೆಗೆ ಪಟ್ಟಿ ಅಂಟಿಸುತ್ತಾರೆ, ತೋಳಿಗೆ ಬಿಪಿ ಪಟ್ಟಿ, ಬೆರಳಿಗೆ ಕ್ಲಿಪ್ಪು. ಆ ಕ್ಲಿಪ್ಪು ಸರಿಯಾಗಿ ಓದಬೇಕಾದರೆ ಉಗುರುಬಣ್ಣ ಇರಬಾರದು, ಕಡುಬಣ್ಣದ ಮೆಹಂದಿಯೂ ಬೇಡ. ಬೆನ್ನಿಗೆ ಸೂಜಿ ಕೊಡುವಾಗ ಬಾಗಿ ಅಲುಗಾಡದೆ ಕೂರಬೇಕು. ಕೆಲವೇ ನಿಮಿಷಗಳಲ್ಲಿ ಕಾಲು ಬೆಚ್ಚಗಾಗಿ ಭಾರವಾಗುತ್ತದೆ. ಒತ್ತಿದ್ದು, ಎಳೆದದ್ದು ಗೊತ್ತಾಗಬಹುದು. ಕೊಯ್ಯುವ ನೋವು ಗೊತ್ತಾಗಬಾರದು. ನೋವಾದರೆ ಆಗಲೇ ಹೇಳಬೇಕು, ತಲೆಯ ಹತ್ತಿರ ಅರಿವಳಿಕೆ ವೈದ್ಯರು ಇದ್ದೇ ಇರುತ್ತಾರೆ. ಮುಗಿದ ಮೇಲೆ ನಡುಕ ಬರಬಹುದು. ಕಾಲಿಗೆ ಚಲನೆ ಮರಳಲು ಸಾಮಾನ್ಯವಾಗಿ 2ರಿಂದ 4 ತಾಸು ಬೇಕು. ಇದನ್ನು ಮೊದಲೇ ಹೇಳದಿದ್ದರೆ, ಎಚ್ಚರವಾಗಿದ್ದೂ ಕಾಲು ಎತ್ತಲಾಗದಾಗ ‘ಕಾಲು ಹೋದವು’ ಎಂದು ಅಳುತ್ತಾರೆ. ಮೂತ್ರಕ್ಕೆ ನಳಿಗೆ ಹಾಕಿದ್ದರೂ ಮೂತ್ರಕ್ಕೆ ಹೋಗಬೇಕು ಅನ್ನಿಸುತ್ತಲೇ ಇರುತ್ತದೆ, ಅದೂ ಸಹಜ.

ತಾಳಿ, ಗಾಜಿನ ಬಳೆಯ ಮಾತು ಮನೆಯಲ್ಲೇ ಆಗಲಿ. ಲೋಹ ಮೈಮೇಲಿದ್ದರೆ, ರಕ್ತನಾಳ ಸುಟ್ಟು ಮುಚ್ಚುವ ವಿದ್ಯುತ್ ಉಪಕರಣದಿಂದ ಚರ್ಮ ಸುಡುವ ಅಪಾಯವಿದೆ. ಕೈ ಊದಿದರೆ ಬಳೆ ಬಿಗಿಯುತ್ತದೆ. ಥಿಯೇಟರ್ ಬಾಗಿಲಲ್ಲಿ ‘ತೆಗೀರಿ, ತೆಗೀರಿ’ ಎಂದು ಅವಸರ ಮಾಡಿದರೆ ಆ ನೋವು ಗಾಯಕ್ಕಿಂತ ದೊಡ್ಡದಾಗಿ ಉಳಿಯುತ್ತದೆ. ಅವರೇ ತಮ್ಮ ಕೈಯಿಂದ ತೆಗೆದಿಡಲಿ. ಬದಲಿಗೆ ಅರಿಷಿಣದ ದಾರ ಕಟ್ಟಿಕೊಳ್ಳಬಹುದೇ ಎಂದು ಸಿಸ್ಟರ್ ಅವರನ್ನು ಕೇಳಿ.

ಉಪವಾಸದ ಕಾರಣವನ್ನೂ ಬಿಡಿಸಿ ಹೇಳಿ. ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೆ ಅಪಾಯ. ಹಗುರ ಊಟವಾದರೂ ಕನಿಷ್ಠ 6 ತಾಸು, ಎಣ್ಣೆ–ಮಾಂಸದ ಊಟವಾದರೆ 8 ತಾಸು ಬಿಡಬೇಕು. ಬರೀ ನೀರಾದರೆ 2 ತಾಸು ಮೊದಲಿನವರೆಗೆ. ಹಾಲು ಹಾಕಿದ ಚಹಾ ನೀರಿನ ಲೆಕ್ಕಕ್ಕೆ ಬರುವುದಿಲ್ಲ, ಊಟದ ಲೆಕ್ಕವೇ. ನಿಮ್ಮ ಆಸ್ಪತ್ರೆ ಇದಕ್ಕಿಂತ ಮೊದಲೇ ನಿಲ್ಲಿಸಿ ಎಂದರೆ ಆ ಮಾತೇ ಅಂತಿಮ. ‘ಪಾಪ, ಬಾಯಿ ಒಣಗ್ಯಾದ’ ಎಂದು ಯಾರೋ ಕೊಟ್ಟ ಅರ್ಧ ಕಪ್ ಚಹಾದಿಂದ ಆಪರೇಷನ್ ಮುಂದಕ್ಕೆ ಹೋಗುತ್ತದೆ. ಮತ್ತೊಮ್ಮೆ ಅಷ್ಟೇ ಧೈರ್ಯ ಕೂಡಿಸುವುದು ಕಷ್ಟ.

ಕೊನೆಗೆ ‘ನಾಳೆ ಏನೇನು ಆಗ್ತದ, ನೀನೇ ಹೇಳು ನೋಡೋಣ’ ಎನ್ನಿ. ಅವರು ತಡವರಿಸಿದ ಜಾಗದಲ್ಲೇ ಭಯ ಉಳಿದಿದೆ.

ಪ್ರಶ್ನೆ: ಅಪ್ಪನಿಗೆ ತೆಲುಗು ಮಾತ್ರ ಬರುತ್ತದೆ. ಡಾಕ್ಟರು ಎಲ್ಲವನ್ನೂ ನನಗೇ ಹೇಳುತ್ತಾರೆ. ಒಪ್ಪಿಗೆ ಪತ್ರಕ್ಕೆ ನಾನೇ ಸಹಿ ಹಾಕಿದರೆ ಸಾಲದೇ?
– ಸಿರುಗುಪ್ಪದ ಓದುಗರು

ಉತ್ತರ: ಸಾಲದು. ಬುದ್ಧಿ ಸ್ಥಿಮಿತದಲ್ಲಿರುವ ವಯಸ್ಕರ ಒಪ್ಪಿಗೆ ಅವರದ್ದೇ. ಓದು ಬಾರದಿದ್ದರೆ ಸಾಕ್ಷಿಯ ಎದುರು ಹೆಬ್ಬೆಟ್ಟು ಒತ್ತಬಹುದು. ಬಳ್ಳಾರಿ ಕಡೆಯ ವಾರ್ಡುಗಳಲ್ಲಿ ತೆಲುಗು ಬಲ್ಲ ಸಿಸ್ಟರ್ ಸಿಗುವುದು ಕಷ್ಟವಲ್ಲ, ಅವರಿಂದ ಹೇಳಿಸಿ. ಮಗನಾಗಿ ನೀವೇ ಹೇಳಹೊರಟರೆ ಕಹಿ ಮಾತನ್ನು ನಿಮಗೆ ತಿಳಿಯದಂತೆಯೇ ನುಂಗಿಬಿಡುತ್ತೀರಿ.

ಪ್ರಶ್ನೆ: ಅಪ್ಪನಿಗೆ 74. ಸೊಂಟದ ಮೂಳೆ ಮುರಿದು ಆಪರೇಷನ್ ಆಯಿತು. ಎರಡನೇ ರಾತ್ರಿ ಸಲೈನ್ ಪೈಪ್ ಕೀಳುತ್ತಾ ‘ಹೊಲಕ್ಕ ನೀರು ಬಿಡಬೇಕು’ ಎಂದು ಕೂಗಾಡಿದರು. ಬೆಳಗ್ಗೆ ಸರಿಯಿದ್ದರು. ಹುಚ್ಚು ಹಿಡಿಯಿತೇ?
– ಕುಷ್ಟಗಿಯ ಓದುಗರು

ಉತ್ತರ: ಹುಚ್ಚಲ್ಲ. ವಯಸ್ಸಾದವರಲ್ಲಿ, ಅದರಲ್ಲೂ ಸೊಂಟದ ಆಪರೇಷನ್ ನಂತರ, ಹೀಗೆ ದಿಕ್ಕು ತಪ್ಪುವುದು ಸಾಮಾನ್ಯ. ಹಗಲು ಇಳಿದು ರಾತ್ರಿ ಏರುವುದೇ ಇದರ ಗುರುತು. ಆದರೆ ಸಾಮಾನ್ಯವೆಂದು ಬಿಡಬೇಡಿ, ಕೂಡಲೇ ಸಿಸ್ಟರ್‌ಗೆ ತಿಳಿಸಿ. ಹಿಂದೆ ಕಾರಣ ಇರುತ್ತದೆ: ತಡೆಯಲಾಗದ ನೋವು, ಮೂತ್ರ ಅಥವಾ ಮಲ ಕಟ್ಟಿದ್ದು, ಸೋಂಕು, ರಕ್ತದಲ್ಲಿ ಉಪ್ಪಿನ ಅಂಶ ಇಳಿದದ್ದು, ಆಮ್ಲಜನಕ ಕಡಿಮೆಯಾದದ್ದು, ಕೆಲವು ನಿದ್ದೆ ಮಾತ್ರೆ. ದಿನವೂ ಕುಡಿಯುವ ರೂಢಿ ಇದ್ದರೆ ಮರ್ಯಾದೆಗೆ ಅಂಜಿ ಮುಚ್ಚಿಡಬೇಡಿ. ದಿಢೀರ್ ಬಿಟ್ಟಾಗ ಎರಡು ಮೂರು ದಿನದಲ್ಲಿ ಇಂಥದ್ದೇ ಗೊಂದಲ ಬರುತ್ತದೆ. ಅದರ ಚಿಕಿತ್ಸೆಯೇ ಬೇರೆ.

ಕನ್ನಡಕ, ಕಿವಿಯ ಯಂತ್ರ, ಹಲ್ಲಿನ ಸೆಟ್ಟು ಮನೆಯಿಂದ ತಂದು ಹಾಕಿಸಿ. ಕಾಣದೆ, ಕೇಳದೆ ಇದ್ದವರಿಗೆ ದಿಕ್ಕು ಬೇಗ ತಪ್ಪುತ್ತದೆ. ರಾತ್ರಿ ಪರಿಚಿತ ಮುಖ ಒಂದೇ ಇರಲಿ. ಆರು ಜನ ಸುತ್ತುಗಟ್ಟಿದರೆ ಗಾಬರಿ ಹೆಚ್ಚುತ್ತದೆ. ‘ಹೊಲ ಎಲ್ಲೈತಿ ಇಲ್ಲಿ?’ ಎಂದು ವಾದಿಸಬೇಡಿ. ‘ಅಪ್ಪಾ, ನಾನು ನಿನ್ನ ಮಗ. ನಾವು ದವಾಖಾನ್ಯಾಗ ಅದೀವಿ. ಹೊಲ ತಮ್ಮ ನೋಡಕೊಳ್ಳಾಕತ್ಯಾನ’ ಎಂದು ಮೆಲ್ಲಗೆ, ಬೇಕಾದಷ್ಟು ಸಲ ಹೇಳಿ. ಹಗಲು ಕಿಟಕಿಯ ಬೆಳಕು ಬೀಳಲಿ. ಕೈ ಕಟ್ಟಿದರೆ ರೊಚ್ಚು ಏರುತ್ತದೆ, ನೀವಾಗಿ ಕಟ್ಟಬೇಡಿ. ಹೆಚ್ಚಿನವರು ಕೆಲವು ದಿನಗಳಲ್ಲಿ ಸರಿಹೋಗುತ್ತಾರೆ, ಕೆಲವರಿಗೆ ವಾರಗಳೇ ಹಿಡಿಯುತ್ತವೆ. ಆ ರಾತ್ರಿ ಬೈದದ್ದನ್ನು ಆಮೇಲೆ ಅವರೆದುರು ಎತ್ತಿ ಆಡಬೇಡಿ. ನೆನಪಿದ್ದರೆ ಅವರೇ ನಾಚಿಕೊಂಡಿರುತ್ತಾರೆ.